ಪೀಠಿಕೆಯಲ್ಲಿ ದೇವರು, ಹೊರಗೆ ಮೂಲನಿವಾಸಿ

ಆಸ್ಟ್ರೇಲಿಯಾದ ಸಂವಿಧಾನ 1900ರಲ್ಲಿ ಬ್ರಿಟಿಷ್ ಸಂಸತ್ತಿನ ಒಂದು ಕಾಯಿದೆಯಾಗಿ ಹೊರಬಂತು. ಅದರ ಪೀಠಿಕೆಯಲ್ಲಿ ಐದು ವಸಾಹತುಗಳ ಹೆಸರಿದೆ. ಬ್ರಿಟನ್ನಿನ ರಾಜಮುಕುಟದ ಹೆಸರಿದೆ. ಸರ್ವಶಕ್ತನಾದ ದೇವರ ಆಶೀರ್ವಾದವನ್ನು ವಿನಯದಿಂದ ನೆಚ್ಚಿಕೊಂಡು ಈ ಜನ ಒಂದಾಗಲು ಒಪ್ಪಿದ್ದಾರೆ ಎಂಬ ಮಾತೂ ಇದೆ. ಆ ಖಂಡದಲ್ಲಿ ಐವತ್ತು ಸಾವಿರ ವರ್ಷಗಳಿಗೂ ಹಿಂದಿನಿಂದ ಬಾಳಿಕೊಂಡು ಬಂದಿದ್ದ ಜನರ ಹೆಸರು ಮಾತ್ರ ಇಲ್ಲ.

ದೇವರ ಹೆಸರು ಅಲ್ಲಿಗೆ ತಾನಾಗಿ ಬಂದದ್ದಲ್ಲ. 1897ರಲ್ಲಿ ಸಂವಿಧಾನ ರಚನೆಯ ಸಮಾವೇಶ ಅಡಿಲೇಡಿನಲ್ಲಿ ಸೇರಿದ್ದಾಗ, ಪ್ಯಾಟ್ರಿಕ್ ಗ್ಲಿನ್ ಎಂಬ ಐರಿಷ್ ಮೂಲದ ಕ್ಯಾಥೊಲಿಕ್ ವಕೀಲರು ಪೀಠಿಕೆಯಲ್ಲಿ ದೇವರ ಸ್ಮರಣೆ ಇರಲೆಂದು ಸೂಚನೆ ತಂದರು. ಅದು ಬಿದ್ದುಹೋಯಿತು. ಆಮೇಲೆ ಚರ್ಚುಗಳು ಎಚ್ಚೆತ್ತುಕೊಂಡವು. ಅರ್ಜಿಗಳು ಬಂದವು, ಸಹಿಗಳು ಬಂದವು, ವಸಾಹತುಗಳ ಶಾಸನಸಭೆಗಳಿಂದಲೂ ಒತ್ತಾಯ ಬಂತು. 1898ರ ಮೆಲ್ಬರ್ನ್ ಅಧಿವೇಶನದಲ್ಲಿ ಅದೇ ಸೂಚನೆ ಅಂಗೀಕಾರವಾಯಿತು. ಇದರಿಂದ ಗಾಬರಿಗೊಂಡವರು ಕೂಡ ಧಾರ್ಮಿಕರೇ ಎಂಬುದು ಸ್ವಾರಸ್ಯದ ಸಂಗತಿ. ಶನಿವಾರವನ್ನು ಸಬ್ಬತ್ ದಿನವಾಗಿ ಆಚರಿಸುವ ಸೆವೆಂತ್ ಡೇ ಅಡ್ವೆಂಟಿಸ್ಟರು, ಇವತ್ತು ದೇವರ ಹೆಸರು ಬಂದರೆ ನಾಳೆ ಭಾನುವಾರದ ಕಡ್ಡಾಯ ವಿರಾಮದ ಕಾನೂನು ಬರುತ್ತದೆಂದು ಅಂಜಿದರು. ಅವರ ಸಮಾಧಾನಕ್ಕಾಗಿ ಯಾವ ಧರ್ಮವನ್ನೂ ರಾಜ್ಯಧರ್ಮ ಮಾಡಕೂಡದೆಂಬ 116ನೆಯ ಕಲಮು ಸೇರಿತು. ಹೀಗೆ ಪೀಠಿಕೆಯಲ್ಲಿ ದೇವರು, ಒಳಗೆ ದೇವರಿಗೊಂದು ಬೇಲಿ.

ನಮ್ಮ ಸಂವಿಧಾನ ಸಭೆಯಲ್ಲೂ ಈ ಪ್ರಸಂಗ ನಡೆದಿದೆ. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಪೀಠಿಕೆ ದೇವರ ಹೆಸರಿನಿಂದ ಆರಂಭವಾಗಲೆಂದು ತಿದ್ದುಪಡಿ ಮಂಡಿಸಿದರು. ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68. ಭಾರತದಲ್ಲಿ ದೇವರು ಸೋತ, ಆಸ್ಟ್ರೇಲಿಯಾದಲ್ಲಿ ಗೆದ್ದ ಎಂದು ತಮಾಷೆಗೆ ಹೇಳಬಹುದು. ಆದರೆ ಭಾರತದ ಸಂವಿಧಾನ ಪರಿಶಿಷ್ಟ ಬುಡಕಟ್ಟುಗಳ ಹೆಸರೆತ್ತಿ ಅವರಿಗೆ ಸ್ಥಾನಗಳನ್ನು ಮೀಸಲಿಟ್ಟಿತು. ಆಸ್ಟ್ರೇಲಿಯಾದ್ದು ಮೂಲನಿವಾಸಿಗಳ ಮಾತನ್ನು ಎರಡೇ ಕಡೆ ಎತ್ತಿತ್ತು, ಎರಡೂ ಕಡೆ ಹೊರಗಿಡುವುದಕ್ಕಾಗಿ. 127ನೆಯ ಕಲಮು, ದೇಶದ ಜನಸಂಖ್ಯೆಯನ್ನು ಲೆಕ್ಕ ಹಾಕುವಾಗ ಅವರನ್ನು ಎಣಿಸತಕ್ಕದ್ದಲ್ಲ ಎಂದಿತು. 51ನೆಯ ಕಲಮಿನ 26ನೆಯ ಉಪವಿಧಿ, ಯಾವುದೇ ಜನಾಂಗಕ್ಕೆ ವಿಶೇಷ ಕಾನೂನು ಮಾಡುವ ಅಧಿಕಾರವನ್ನು ಒಕ್ಕೂಟದ ಸಂಸತ್ತಿಗೆ ಕೊಟ್ಟು, ರಾಜ್ಯಗಳಲ್ಲಿರುವ ಮೂಲನಿವಾಸಿಗಳನ್ನು ಅದರಿಂದ ಹೊರತುಪಡಿಸಿತು. ಈ ಉಪವಿಧಿಯ ಕಣ್ಣು ಆಗ ಇದ್ದದ್ದು ಚೀನಿಯರ ಮೇಲೆ, ಶಾಂತಸಾಗರ ದ್ವೀಪಗಳಿಂದ ಬಂದ ಕೂಲಿಗಳ ಮೇಲೆ, ಭಾರತದಿಂದ ಮತ್ತು ಆಫ್ಘಾನಿಸ್ತಾನದಿಂದ ಬಂದು ಊರೂರು ಸುತ್ತುತ್ತಿದ್ದ ವ್ಯಾಪಾರಿಗಳ ಮೇಲೆ. ದೇವರ ಹೆಸರಿಗಾಗಿ ಸಹಿ ಹಾಕಿಸಿದ ಚರ್ಚುಗಳು ಈ ಎರಡು ಕಲಮುಗಳ ವಿಷಯದಲ್ಲಿ ಅಂಥ ಚಳವಳಿ ಹೂಡಲಿಲ್ಲ.

ಅದಾಗಿ 124 ವರ್ಷಗಳ ನಂತರ, 2022ರ ಮೇ 27ರಂದು, ಸಿಡ್ನಿ ಬಂದರಿನ ದಡದ ಬರಂಗರೂ ಎಂಬಲ್ಲಿ ಒಂಬತ್ತು ಧಾರ್ಮಿಕ ಸಂಸ್ಥೆಗಳ ಒಂದು ಜಂಟಿ ನಿರ್ಣಯ ಹೊರಬಿತ್ತು. ಆಂಗ್ಲಿಕನ್ ಚರ್ಚಿನ ಮಹಾಸಭೆ, ಕ್ಯಾಥೊಲಿಕ್ ಬಿಷಪರ ಸಮ್ಮೇಳನ, ಯುನೈಟಿಂಗ್ ಚರ್ಚ್, ಚರ್ಚುಗಳ ರಾಷ್ಟ್ರೀಯ ಮಂಡಳಿ, ಇಮಾಮರ ರಾಷ್ಟ್ರೀಯ ಮಂಡಳಿ, ಯಹೂದಿಯರ ಕಾರ್ಯಕಾರಿ ಮಂಡಳಿ, ಬೌದ್ಧ ಭಿಕ್ಷುಗಳ ಸಂಘ, ಸಿಖ್ಖರ ರಾಷ್ಟ್ರೀಯ ಮಂಡಳಿ ಮತ್ತು ಹಿಂದೂ ಕೌನ್ಸಿಲ್ ಅದರಲ್ಲಿದ್ದವು. ಮೂಲನಿವಾಸಿಗಳು 2017ರಲ್ಲಿ ಉಲುರು ಬಂಡೆಯ ಬಳಿ ಸೇರಿ ಹೊರಡಿಸಿದ ಹೇಳಿಕೆಗೆ ಈ ಒಂಬತ್ತೂ ಬೆಂಬಲ ಸೂಚಿಸಿದವು. ಅವರ ದನಿಗೆ ಸಂವಿಧಾನದಲ್ಲಿ ಜಾಗ ಕೊಡುವ ಜನಮತಗಣನೆಯನ್ನು ರಾಜಕೀಯ ಪಕ್ಷಗಳು ಒಮ್ಮತದಿಂದ ನಡೆಸಲಿ ಎಂದವು. ಸ್ವರ್ಗ ನರಕಗಳ ವಿಷಯದಲ್ಲಿ ಒಂದೇ ಮಾತು ಆಡಲಾರದವರು ಸಂವಿಧಾನದ ತಿದ್ದುಪಡಿಯ ವಿಷಯದಲ್ಲಿ ಒಂದೇ ಮಾತು ಆಡಿದರು. ಹದಿನೇಳು ತಿಂಗಳಲ್ಲಿ ಜನಮತಗಣನೆ ನಡೆಯಿತು. ನೂರಕ್ಕೆ ಅರವತ್ತು ಮಂದಿ ಬೇಡ ಎಂದರು.

ಈ ಎರಡರ ನಡುವಿನ ಅಂತರವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆ ದೇಶದಲ್ಲಿ ಧರ್ಮಸಂಸ್ಥೆಗಳಿಗೂ ಮೂಲನಿವಾಸಿಗಳಿಗೂ ಇದ್ದ ಹಳೆಯ ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡಬೇಕು.

ವಿಲಿಯಂ ಕೂಪರ್ ಎಂಬವರಿಂದ ಶುರು ಮಾಡಬಹುದು. ಅವರು ಯೋರ್ಟಾ ಯೋರ್ಟಾ ಜನಾಂಗದವರು. ಮರ್ರೇ ನದಿಯ ದಡದಲ್ಲಿ ಡೇನಿಯಲ್ ಮ್ಯಾಥ್ಯೂಸ್ ಎಂಬ ಮಿಷನರಿ 1874ರಲ್ಲಿ ಕಟ್ಟಿದ ಮಲೋಗಾ ಮಿಷನ್ನಿನಲ್ಲಿ ಓದು ಬರಹ ಕಲಿತರು, ಕ್ರೈಸ್ತರಾದರು. ಬೈಬಲ್ಲಿನಲ್ಲಿ ಅವರು ಕಂಡದ್ದು ವಿಧೇಯತೆಯ ಪಾಠವನ್ನಲ್ಲ; ಗುಲಾಮಗಿರಿಯಿಂದ ಹೊರಟು ನಿಂತ ಇಸ್ರೇಲಿಯರ ಕಥೆಯನ್ನು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮೆಲ್ಬರ್ನಿಗೆ ಬಂದು, ರಾಜ ಐದನೆಯ ಜಾರ್ಜನಿಗೆ ಒಂದು ಅರ್ಜಿ ತಯಾರಿಸಿ, ದೇಶದ ಉದ್ದಗಲದಿಂದ 1814 ಸಹಿಗಳನ್ನು ಕೂಡಿಸಿದರು. ತಮ್ಮ ಜನ ಅಳಿದುಹೋಗದಂತೆ ನೋಡಿಕೊಳ್ಳಬೇಕು, ಬದುಕಿನ ಸ್ಥಿತಿ ಸುಧಾರಿಸಬೇಕು, ಸಂಸತ್ತಿನಲ್ಲಿ ತಮ್ಮ ಪರವಾಗಿ ಮಾತಾಡುವ ಒಬ್ಬ ಪ್ರತಿನಿಧಿ ಇರಬೇಕು ಎಂದಷ್ಟೇ ಅದರ ಬೇಡಿಕೆ. 1937ರಲ್ಲಿ ಅರ್ಜಿ ಸರಕಾರದ ಕೈಸೇರಿತು. ರಾಜನಿಗೆ ಕಳಿಸುವುದರಿಂದ ಪ್ರಯೋಜನವಿಲ್ಲವೆಂದು ಮರುವರ್ಷ ಮಂತ್ರಿಮಂಡಲ ತೀರ್ಮಾನಿಸಿತು. 2023ರಲ್ಲಿ ಜನರ ಮುಂದಿಟ್ಟ ಪ್ರಶ್ನೆಯ ಮೊದಲ ಕರಡು ಇದೇ ಎಂದರೆ ತಪ್ಪಲ್ಲ.

ಅದೇ 1938ರ ಡಿಸೆಂಬರ್ 6ರಂದು ಕೂಪರ್ ತಮ್ಮ ಸಂಗಡಿಗರೊಂದಿಗೆ ಮೆಲ್ಬರ್ನಿನ ಜರ್ಮನ್ ದೂತಾವಾಸಕ್ಕೆ ನಡೆದು ಹೋದರು. ಕೆಲವೇ ವಾರಗಳ ಹಿಂದೆ ಜರ್ಮನಿಯಲ್ಲಿ ಯಹೂದಿಯರ ಅಂಗಡಿಗಳನ್ನೂ ಸಿನಗಾಗ್‌ಗಳನ್ನೂ ನಾಜಿಗಳು ಸುಟ್ಟಿದ್ದರು. ಅದನ್ನು ಖಂಡಿಸುವ ಮನವಿ ಅವರ ಕೈಯಲ್ಲಿತ್ತು. ದೂತಾವಾಸದ ಬಾಗಿಲು ತೆರೆಯಲಿಲ್ಲ. ತನ್ನ ದೇಶದ ಜನಗಣತಿಯಲ್ಲಿ ತನಗೇ ಲೆಕ್ಕವಿಲ್ಲದ ಒಬ್ಬ ಮುದುಕ, ಎಂದೂ ಕಾಣದ ಜನರಿಗಾಗಿ ಬೀದಿಗೆ ಇಳಿದಿದ್ದ. ಆಸ್ಟ್ರೇಲಿಯಾದ ಯಹೂದಿಯರು ಈ ನಡಿಗೆಯನ್ನು ಮರೆತಿಲ್ಲ. 2010ರಲ್ಲಿ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆಯೂ ಕೂಪರರನ್ನು ಗೌರವಿಸಿತು. ಉಲುರು ಹೇಳಿಕೆಗೆ ಯಹೂದಿ ಮಂಡಳಿ ಕೊಟ್ಟ ಬೆಂಬಲದ ಹಿಂದೆ ಹೀಗೊಂದು ಹಳೆಯ ಋಣವೂ ಇದೆ.

ಕೂಪರ್ ಚರ್ಚುಗಳಿಗೂ ಒಂದು ಬೇಡಿಕೆ ಇಟ್ಟರು. ಬಿಳಿಯರು ಬಂದಿಳಿದ ಜನವರಿ 26ರ ಹಿಂದಿನ ಭಾನುವಾರವನ್ನು ಮೂಲನಿವಾಸಿಗಳ ಭಾನುವಾರವೆಂದು ಆಚರಿಸಿ, ಅಂದು ಉಪದೇಶಪೀಠದಿಂದ ಅವರ ಸ್ಥಿತಿಗತಿಯ ಬಗ್ಗೆ ಮಾತಾಡಿ ಎಂದರು. 1940ರಿಂದ ಆ ಆಚರಣೆ ನಡೆಯಿತು. ಮರುವರ್ಷ ಅವರು ತೀರಿಕೊಂಡರು.

ಮಿಷನ್ ಶಾಲೆಯಲ್ಲಿ ಕಲಿತು, ಆ ವಿದ್ಯೆಯನ್ನೇ ತನ್ನ ಜನರ ವಕಾಲತ್ತಿಗೆ ಬಳಸಿದ ಇಂಥವರು ಭಾರತದಲ್ಲೂ ಇದ್ದರು. ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಗುಡುಗಿದ ಜೈಪಾಲ್ ಸಿಂಗ್ ಮುಂಡಾ, 1928ರ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡದ ನಾಯಕ, ಮಿಷನ್ನಿನ ನೆರವಿನಿಂದ ಆಕ್ಸ್‌ಫರ್ಡಿಗೆ ಹೋದವರು. ವ್ಯತ್ಯಾಸ ಇಷ್ಟೇ: ಜೈಪಾಲ್ ಸಿಂಗರಿಗೆ ಸಭೆಯ ಒಳಗೆ ಕುರ್ಚಿಯಿತ್ತು, ಕೂಪರರ ಅರ್ಜಿ ಕಚೇರಿಯ ಕಡತದಲ್ಲಿ ಉಳಿಯಿತು.

ಆದರೆ ಮಿಷನ್ನುಗಳ ಚರಿತ್ರೆಯನ್ನು ಕೂಪರರ ಮೂಲಕ ಮಾತ್ರ ನೋಡಿದರೆ ಅರ್ಧಸತ್ಯವಾಗುತ್ತದೆ. ಸುಮಾರು 1910ರಿಂದ 1970ರವರೆಗೆ, ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಬಲವಂತವಾಗಿ ಬಿಡಿಸಿ ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸಲಾಯಿತು. 1997ರ ವಿಚಾರಣಾ ವರದಿಯ ಅಂದಾಜಿನಂತೆ ಹತ್ತು ಮಕ್ಕಳಲ್ಲಿ ಒಬ್ಬರಿಂದ ಹಿಡಿದು ಮೂವರಲ್ಲಿ ಒಬ್ಬರವರೆಗೆ ಹೀಗೆ ಕಳೆದುಹೋದರು. ಕಾನೂನು ಸರಕಾರದ್ದು, ಆದರೆ ಮಕ್ಕಳನ್ನು ಇಟ್ಟುಕೊಂಡ ಕಟ್ಟಡಗಳಲ್ಲಿ ಎಷ್ಟೋ ಚರ್ಚುಗಳವು. ಅಲ್ಲಿ ತಾಯ್ನುಡಿ ಆಡಿದರೆ ಏಟು, ಹಳೆಯ ಆಚಾರ ನೆನೆದರೆ ಪಾಪ. ಚರ್ಚುಗಳು ಆಮೇಲೆ ಒಂದೊಂದಾಗಿ ಕ್ಷಮೆ ಕೇಳಿದವು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು.

ಒಂದೇ ಮಿಷನ್ನಿನಲ್ಲಿ ಎರಡೂ ಮುಖಗಳು ಕಾಣಿಸಿಕೊಂಡದ್ದುಂಟು. ಉತ್ತರ ತುದಿಯ ಯಿರ್ಕಾಲಾದಲ್ಲಿ ಮೆಥಾಡಿಸ್ಟರ ಮಿಷನ್ ಇತ್ತು. 1963ರ ಆಸುಪಾಸಿನಲ್ಲಿ ಅಲ್ಲಿಯ ಯೋಲ್ಙು ಹಿರಿಯರು ಹೊಸ ಚರ್ಚಿಗಾಗಿ ಎರಡಾಳೆತ್ತರದ ಎರಡು ಹಲಗೆಗಳ ಮೇಲೆ ತಮ್ಮ ಕುಲಗಳ ಸೃಷ್ಟಿಕಥೆಗಳನ್ನು ಬರೆದು ಪೂಜಾಪೀಠದ ಎಡಬಲಕ್ಕೆ ನಿಲ್ಲಿಸಿದರು. ಏಸುವೂ ಇರಲಿ, ನಮ್ಮ ಹಿರಿಯರೂ ಇರಲಿ, ಈ ನೆಲ ಯಾರದೆಂಬ ದಾಖಲೆಯೂ ಇರಲಿ ಎಂಬುದು ಅದರ ಅರ್ಥ. ಅದೇ ಹೊತ್ತಿಗೆ ಸರಕಾರ ಅವರ ನೆಲವನ್ನು ಬಾಕ್ಸೈಟ್ ಗಣಿಗೆ ಬಿಟ್ಟುಕೊಟ್ಟಿತು. ದೂರದ ನಗರದಲ್ಲಿದ್ದ ಮಿಷನ್ ಮಂಡಳಿಗೆ ಮಾತುಕತೆ ಗೊತ್ತಿತ್ತು, ನೆಲದ ಒಡೆಯರಿಗೆ ಗೊತ್ತಿರಲಿಲ್ಲ. ಹಿರಿಯರು ತಮ್ಮ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಅರ್ಜಿ ಬೆರಳಚ್ಚು ಮಾಡಿಸಿ, ಚಿತ್ರ ಬರೆದ ಮರದ ತೊಗಟೆಗೆ ಅಂಟಿಸಿ ಸಂಸತ್ತಿಗೆ ಕಳಿಸಿದರು. ಅವರ ಪರ ನಿಂತು ತಂತಿ ಮೇಲೆ ತಂತಿ ಕಳಿಸಿದವರು ಆ ಮಿಷನ್ನಿನ ಮುಖ್ಯಸ್ಥರಾದ ಪಾದ್ರಿ ಎಡ್ಗರ್ ವೆಲ್ಸ್. ಅವರನ್ನು ಅಲ್ಲಿಂದ ಎತ್ತಂಗಡಿ ಮಾಡಿದ್ದು ಅವರದೇ ಮಂಡಳಿ. ಗಣಿ ಬಂತು. 1971ರಲ್ಲಿ ನ್ಯಾಯಾಲಯದಲ್ಲೂ ಯೋಲ್ಙು ಜನ ಸೋತರು. 70ರ ದಶಕದಲ್ಲಿ ಆ ಹಲಗೆಗಳೂ ಕ್ರೈಸ್ತಧರ್ಮಕ್ಕೆ ಸಲ್ಲದವೆಂದು ಚರ್ಚಿನಿಂದ ಹೊರಬಿದ್ದವು. ಇವತ್ತು ಅವು ಅದೇ ಊರಿನ ಕಲಾಕೇಂದ್ರದಲ್ಲಿವೆ. ತೊಗಟೆಯ ಅರ್ಜಿಗಳು ಕ್ಯಾನ್‌ಬೆರಾದ ಸಂಸತ್ ಭವನದಲ್ಲಿವೆ.

ಹೊರಗಿನ ಧರ್ಮವೊಂದು ಆ ಕರಾವಳಿಯನ್ನು ಮುಟ್ಟಿದ್ದು ಅದೇ ಮೊದಲಲ್ಲ. ಮಿಷನರಿಗಳಿಗಿಂತ ಬಹಳ ಮುಂಚೆ, ಈಗಿನ ಇಂಡೋನೇಷ್ಯಾದ ಮಕಾಸ್ಸರಿನಿಂದ ಮುಸ್ಲಿಂ ನಾವಿಕರು ಟ್ರೆಪಾಂಗ್ ಎಂಬ ಕಡಲಜೀವಿಯನ್ನು ಹಿಡಿಯಲು ವರ್ಷವರ್ಷವೂ ಬರುತ್ತಿದ್ದರು. 1907ರ ಹೊತ್ತಿಗೆ ಸರಕಾರ ಅದನ್ನು ನಿಲ್ಲಿಸಿತು. ಯೋಲ್ಙು ಭಾಷೆಯಲ್ಲಿ ಹಣಕ್ಕೆ ಇವತ್ತಿಗೂ 'ರುಪಿಯಾ' ಎನ್ನುತ್ತಾರೆ. ನಮ್ಮ ರೂಪಾಯಿಯ ದೂರದ ತಮ್ಮ. ಮರುಭೂಮಿಯ ಕಡೆ, ಆಫ್ಘಾನಿಸ್ತಾನದಿಂದಲೂ ಅವಿಭಜಿತ ಭಾರತದಿಂದಲೂ ಬಂದ ಒಂಟೆ ಹೊಡೆಯುವವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾಗಿ ನೆಲೆಸಿದರು. ಇಮಾಮರ ಮಂಡಳಿ ಸಹಿ ಹಾಕಿದಾಗ ಅದು ತೀರ ಪರಕೀಯರ ವಿಷಯಕ್ಕೆ ಹಾಕಿದ ಸಹಿಯಾಗಿರಲಿಲ್ಲ.

1967ರ ಮೇ 27ರ ಜನಮತಗಣನೆ ಈ ಕಥೆಯ ಬೆಳಕಿನ ಭಾಗ. 127ನೆಯ ಕಲಮನ್ನು ಕಿತ್ತುಹಾಕುವುದಕ್ಕೂ 51ನೆಯ ಕಲಮಿನ ಹೊರತುಪಡಿಸುವ ಮಾತನ್ನು ಅಳಿಸುವುದಕ್ಕೂ ನೂರಕ್ಕೆ 90.77 ಮಂದಿ ಒಪ್ಪಿಗೆ ಕೊಟ್ಟರು. ಊರೂರು ತಿರುಗಿ ಪ್ರಚಾರ ಮಾಡಿದವರಲ್ಲಿ ಪಾದ್ರಿ ಡಗ್ ನಿಕೋಲ್ಸ್ ಒಬ್ಬರು. ಫುಟ್‌ಬಾಲ್ ಆಟಗಾರ, ಕೂಪರರ ಗರಡಿಯಲ್ಲಿ ಬೆಳೆದವರು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲರಾದರು. ಎರಡೂ ಪಕ್ಷಗಳು ಅಂದು ಜತೆಗಿದ್ದವು. ಆದರೆ ಫಲಿತಾಂಶದಲ್ಲೊಂದು ವಿಪರ್ಯಾಸ ಉಳಿಯಿತು. ಹೊರಗಿಡುವ ಮಾತುಗಳನ್ನು ಅಳಿಸಿದ ಮೇಲೆ ಸಂವಿಧಾನದಲ್ಲಿ ಮೂಲನಿವಾಸಿಗಳ ಹೆಸರೇ ಇಲ್ಲವಾಯಿತು. ಅವಮಾನ ಹೋಯಿತು, ಅದರೊಂದಿಗೆ ಉಲ್ಲೇಖವೂ ಹೋಯಿತು.

ಹೆಸರನ್ನು ಸೇರಿಸುವ ಮೊದಲ ಯತ್ನ 1999ರ ನವೆಂಬರ್ 6ರದು. ಪ್ರಧಾನಿ ಜಾನ್ ಹೋವರ್ಡ್, ಕವಿ ಲೆಸ್ ಮರ್ರೇ ಅವರ ನೆರವಿನಿಂದ ಹೊಸ ಪೀಠಿಕೆಯ ಕರಡು ಮಾಡಿಸಿದರು. ಜನರ ಮುಂದೆ ಬಂದ ಪಾಠದಲ್ಲಿ ದೇವರಲ್ಲಿ ಭರವಸೆಯೂ ಇತ್ತು, ಮೂಲನಿವಾಸಿಗಳಿಗೆ ಗೌರವವೂ ಇತ್ತು, ಇದಕ್ಕೆ ಕಾನೂನಿನ ಬಲ ಇಲ್ಲವೆಂಬ ಷರಾ ಕೂಡ ಇತ್ತು. ಜನ ದೊಡ್ಡ ಅಂತರದಿಂದ ತಿರಸ್ಕರಿಸಿದರು. ಬರಿಯ ಹೊಗಳಿಕೆಯ ಪೀಠಿಕೆ ಮೂಲನಿವಾಸಿ ನಾಯಕರಿಗೂ ಬೇಕಿರಲಿಲ್ಲ.

ಇಲ್ಲಿ ಯುನೈಟಿಂಗ್ ಚರ್ಚ್ ಮಾಡಿದ ಒಂದು ಕೆಲಸವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಪ್ರಶ್ನೆಯ ತಿರುಳು ಅದರಲ್ಲಿದೆ. ಮೆಥಾಡಿಸ್ಟರು, ಕಾಂಗ್ರಿಗೇಷನಲಿಸ್ಟರು ಮತ್ತು ಪ್ರೆಸ್ಬಿಟೇರಿಯನ್ನರಲ್ಲಿ ಹೆಚ್ಚಿನವರು 1977ರಲ್ಲಿ ಒಂದಾಗಿ ಕಟ್ಟಿದ ಸಂಸ್ಥೆ ಅದು. ಎಂದರೆ ಎಡ್ಗರ್ ವೆಲ್ಸರನ್ನು ಎತ್ತಂಗಡಿ ಮಾಡಿದವರ ವಾರಸುದಾರರು. 80ರ ದಶಕದಲ್ಲಿ ಅದರೊಳಗಿನ ಮೂಲನಿವಾಸಿ ಕ್ರೈಸ್ತರು ತಮ್ಮದೇ ಸಭೆ ಕಟ್ಟಿಕೊಂಡರು. 1994ರಲ್ಲಿ ಇಬ್ಬರ ನಡುವೆ ಒಡಂಬಡಿಕೆಯಾಯಿತು. 2009ರಲ್ಲಿ ಆ ಚರ್ಚು ತನ್ನದೇ ಸಂವಿಧಾನಕ್ಕೆ ಹೊಸ ಪೀಠಿಕೆ ಬರೆಯಲು ಹೊರಟಿತು. ಬಿಳಿಯರು ಬರುವ ಮೊದಲೇ ಈ ನೆಲದ ಜನ ದೇವರನ್ನು ಬಲ್ಲವರಾಗಿದ್ದರು, ಅವರ ಕಟ್ಟಳೆ, ಕಥೆ, ಆಚರಣೆಗಳ ಮೂಲಕ ದೇವರು ಅವರೊಂದಿಗೆ ಇದ್ದ, ಚರ್ಚುಗಳಲ್ಲಿ ಅನೇಕರು ಅನ್ಯಾಯದಲ್ಲಿ ಪಾಲುಗೊಂಡರು ಎಂಬ ಮಾತುಗಳನ್ನು ಅದರಲ್ಲಿ ಸೇರಿಸಿದರು.

ಹೊರಗಿನವರಿಗೆ ಇದು ಸಣ್ಣ ವಿಷಯವೆನಿಸಬಹುದು. ಒಳಗಿನವರಿಗೆ ಹಾಗಲ್ಲ. ದೇವರನ್ನು ತಂದುಕೊಟ್ಟವರು ನಾವು ಎಂಬುದು ಮಿಷನ್ನಿನ ಅಡಿಪಾಯ. ದೇವರು ಮೊದಲೇ ಇಲ್ಲಿದ್ದನೆಂದು ಒಪ್ಪಿಕೊಂಡರೆ ತಂದುಕೊಟ್ಟದ್ದೇನು? ಕ್ರಿಸ್ತನ ಅನನ್ಯತೆಗೆ ಇದರಿಂದ ಧಕ್ಕೆಯೆಂದು ಕೆಲವರು ವಾದಿಸಿದರು. ಚರ್ಚೆ ಕೆಳಹಂತದ ಸಭೆಗಳವರೆಗೂ ಇಳಿಯಿತು. ಅವುಗಳ ಒಪ್ಪಿಗೆ ಸಿಕ್ಕಿ ಪೀಠಿಕೆ ಜಾರಿಗೆ ಬಂತು. ದೇಶ ಮಾಡಲಾರದೆ ಹೋದ ಕೆಲಸವನ್ನು ಒಂದು ಚರ್ಚು ತನ್ನ ಮನೆಯೊಳಗೆ ಮೊದಲು ಮಾಡಿಕೊಂಡಿತು. ಮುಂದೆ ಜನಮತಗಣನೆಯಲ್ಲಿ ಅದು ಮುಲಾಜಿಲ್ಲದೆ 'ಹೌದು' ಎಂದು ಹೇಳಿದಾಗ ಆ ಮಾತಿಗೆ ತೂಕವಿತ್ತು.

ಕ್ಯಾಥೊಲಿಕರಲ್ಲಿ ಇಂಥ ಮಾತನ್ನು ಮೊದಲು ಎತ್ತಿದವರು ಪೋಪ್ ಎರಡನೆಯ ಜಾನ್ ಪಾಲ್. 1986ರ ನವೆಂಬರಿನಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮೂಲನಿವಾಸಿಗಳ ಎದುರು ಮಾತಾಡುತ್ತ, ಅವರ ಕೊಡುಗೆಯನ್ನು ಇತರರು ಸಂತೋಷದಿಂದ ಸ್ವೀಕರಿಸುವ ತನಕ ಆಸ್ಟ್ರೇಲಿಯಾದ ಚರ್ಚು ಪೂರ್ಣವಾಗದೆಂದು ಹೇಳಿದರು. ಟಾರೆಸ್ ಜಲಸಂಧಿಯ ದ್ವೀಪವಾಸಿಗಳಿಗೆ ಇದನ್ನು ಹೇಳಬೇಕಾದ್ದಿರಲಿಲ್ಲ. 1871ರ ಜುಲೈ 1ರಂದು ಮಿಷನರಿಗಳು ಬಂದಿಳಿದದ್ದನ್ನು ಅವರು 'ಬೆಳಕು ಬಂದ ದಿನ'ವೆಂದು ಹಬ್ಬ ಮಾಡುತ್ತಾರೆ, ತಮ್ಮದೇ ಕುಣಿತ, ತಮ್ಮದೇ ಊಟದೊಂದಿಗೆ. ನೆಲದ ಹಕ್ಕಿಗಾಗಿ ಹೋರಾಡಿ 1992ರಲ್ಲಿ ಗೆದ್ದ ಮಾಬೊ ಮೊಕದ್ದಮೆ ಹುಟ್ಟಿದ್ದೂ ಅದೇ ದ್ವೀಪಗಳಲ್ಲಿ.

ಇನ್ನು 2017. ಮೇ 26ರಂದು ಉಲುರುವಿನ ಬಳಿ ಸುಮಾರು 250 ಪ್ರತಿನಿಧಿಗಳು ಸೇರಿ ಒಂದು ಪುಟದ ಹೇಳಿಕೆ ಹೊರಡಿಸಿದರು. ಪೀಠಿಕೆಯಲ್ಲಿ ಹೊಗಳುವುದು ಸಾಲದು, ತಮ್ಮ ವಿಷಯದಲ್ಲಿ ಕಾನೂನು ಮಾಡುವಾಗ ತಮ್ಮ ಮಾತು ಕೇಳುವ ಒಂದು ಮಂಡಳಿಗೆ ಸಂವಿಧಾನದಲ್ಲೇ ಜಾಗವಿರಲಿ ಎಂದರು. ಅದರ ಹೆಸರು ದನಿ, 'ವಾಯ್ಸ್'. ಅದಕ್ಕೆ ಕಾನೂನು ತಡೆಯುವ ಅಧಿಕಾರವಿಲ್ಲ, ಸಲಹೆ ಕೊಡುವುದಷ್ಟೇ. ತಮ್ಮ ಒಡೆತನವೆಂಬುದು ನೆಲಕ್ಕೂ ಅದರಿಂದ ಹುಟ್ಟಿ ಅದಕ್ಕೇ ಮರಳುವ ಜನರಿಗೂ ಇರುವ ಆಧ್ಯಾತ್ಮಿಕ ನಂಟು ಎಂದು ಆ ಹೇಳಿಕೆ ಹೇಳಿಕೊಂಡಿತು. ರಾಜಕಾರಣಿಗಳಿಗೆ ತೊಡಕೆನಿಸಿದ ಈ ಮಾತು ಧಾರ್ಮಿಕರಿಗೆ ಸುಲಭವಾಗಿ ತಿಳಿಯಿತು.

ಮಂಡಳಿಯ ಕಲ್ಪನೆ ಹುಟ್ಟಿದ ಮನೆಯೂ ಕುತೂಹಲದ್ದೇ. ಕೇಪ್ ಯಾರ್ಕಿನ ಹೋಪ್ ವೇಲ್ ಎಂಬ ಲೂಥರನ್ ಮಿಷನ್ನಿನಲ್ಲಿ ಬೆಳೆದ ಮೂಲನಿವಾಸಿ ನಾಯಕ ನೋಯೆಲ್ ಪಿಯರ್ಸನ್, ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಗ್ರೆಗ್ ಕ್ರೇವನ್, ಮುಂದೆ ಲಿಬರಲ್ ಪಕ್ಷದ ಸಂಸದರಾದ ಯಹೂದಿ ಜೂಲಿಯನ್ ಲೀಸರ್ ಮೊದಲಾದವರು 2014ರ ಸುಮಾರಿಗೆ ಕೂತು ಮಾತಾಡಿ ಹುಡುಕಿದ ದಾರಿ ಅದು. ಸಂವಿಧಾನವನ್ನು ಹೆಚ್ಚು ಅಲುಗಿಸದೆ ನ್ಯಾಯ ಒದಗಿಸುವ ದಾರಿಯೆಂದು ಅವರು ನಂಬಿದ್ದರು. ಪಿಯರ್ಸನ್ ಜತೆ ಕೆಲಸ ಮಾಡಿದ ಭಾರತೀಯ ಮೂಲದ ಸಂವಿಧಾನತಜ್ಞೆ ಶಿರೀನ್ ಮಾರಿಸ್, ಡೇಮಿಯನ್ ಫ್ರೀಮನ್ ಅವರೊಡನೆ ವಿವಿಧ ಧರ್ಮಗಳ ನಾಯಕರ ಬರಹಗಳನ್ನು ಒಂದು ಪುಸ್ತಕವಾಗಿ ಸಂಪಾದಿಸಿದರು.

ನಿರ್ಣಯಕ್ಕೆ ಸಹಿ ಬಿದ್ದ ಮೇಲೆ ವಾಕ್ಯಗಳ ತಕರಾರು ಶುರುವಾಯಿತು. ಮಂಡಳಿ ಸಂಸತ್ತಿಗೆ ಮಾತ್ರವಲ್ಲದೆ ಕಾರ್ಯಾಂಗಕ್ಕೂ ಮನವಿ ಸಲ್ಲಿಸಬಹುದೆಂದು ಸರಕಾರ ಸೇರಿಸಿತ್ತು. ಇದು ಮೊಕದ್ದಮೆಗಳಿಗೆ ಬಾಗಿಲು ತೆರೆಯುತ್ತದೆಂದು ಆಕ್ಷೇಪಿಸಿದವರಲ್ಲಿ ಜೆಸ್ಯೂಟ್ ಪಾದ್ರಿಯೂ ನ್ಯಾಯವಾದಿಯೂ ಆದ ಫ್ರಾಂಕ್ ಬ್ರೆನ್ನನ್ ಮುಖ್ಯರು. ದಶಕಗಳಿಂದ ಮೂಲನಿವಾಸಿಗಳ ಪರ ದುಡಿದವರು ಅವರು. ಒಕ್ಕಣೆಯನ್ನು ತಿದ್ದಿ ಎಂದು ಕೊನೆಯವರೆಗೂ ಕೇಳಿದರು, ತಿದ್ದದಿದ್ದರೂ ಕೊನೆಗೆ 'ಹೌದು' ಎಂದೇ ಮತ ಹಾಕುವುದಾಗಿ ಹೇಳಿದರು. 1898ರಲ್ಲಿ ಚರ್ಚಿನವರು ದೇವರ ಹೆಸರು ಬಂದರೆ ಸಾಕೆಂದಿದ್ದರು, ಈಗ ಚರ್ಚಿನವರೇ ಉಪವಿಧಿಯ ಒಂದೊಂದು ಪದವನ್ನೂ ತೂಗಿದರು.

ಕ್ಯಾಥೊಲಿಕ್ ಬಿಷಪರು ಹೇಳಿಕೆಯನ್ನು ಗೌರವಿಸಿದರೂ, ಮತಪೆಟ್ಟಿಗೆಯ ಮುಂದೆ ಏನು ಮಾಡಬೇಕೆಂದು ಭಕ್ತರಿಗೆ ಅಪ್ಪಣೆ ಕೊಡಲಿಲ್ಲ. ಓದಿ, ಯೋಚಿಸಿ, ಆತ್ಮಸಾಕ್ಷಿಯಂತೆ ನಡೆಯಿರಿ ಎಂದರು. ಸಿಡ್ನಿಯ ಆಂಗ್ಲಿಕನ್ ಸಿನಡ್ 'ಹೌದು' ಎನ್ನುವ ವಾದವನ್ನು ಉದಾರ ಮನಸ್ಸಿನಿಂದ ಪರಿಶೀಲಿಸಿ ಎಂಬಲ್ಲಿಗೆ ನಿಂತಿತು. ಬೇಡವೆಂದವರಲ್ಲೂ ಧಾರ್ಮಿಕ ಕಾರಣಗಳಿದ್ದವು. ಅವನ್ನು ಹಗುರವಾಗಿ ತಳ್ಳಿಹಾಕಲಾಗದು. ದೇವರ ಎದುರು ಎಲ್ಲರೂ ಸಮಾನರಾಗಿರುವಾಗ ಸಂವಿಧಾನದಲ್ಲಿ ಒಂದು ಜನಕ್ಕೆ ಬೇರೆ ಮಂಡಳಿ ಏಕೆ ಎಂಬುದು ಒಂದು. ನಂಬಿಕೆಯ ವಿಷಯದಲ್ಲಿ ಮಾತಾಡಬೇಕಾದ ಗುರುಗಳು ಮತದಾನದ ವಿಷಯಕ್ಕೆ ಏಕೆ ಬರಬೇಕೆಂಬುದು ಇನ್ನೊಂದು. 'ಬೇಡ' ಪಕ್ಷದ ಮುಂಚೂಣಿಯಲ್ಲಿದ್ದ ವಾರನ್ ಮಂಡೈನ್ ಸ್ವತಃ ಮೂಲನಿವಾಸಿ, ಸ್ವತಃ ಕ್ಯಾಥೊಲಿಕ್. ಸೆನೆಟರ್ ಜಸಿಂಟಾ ನಂಪಿಜಿನ್ಪಾ ಪ್ರೈಸ್ ಕೂಡ ಮೂಲನಿವಾಸಿಯೇ. ಸೆನೆಟರ್ ಲಿಡಿಯಾ ಥಾರ್ಪ್ ತೀರ ಬೇರೆ ಕಾರಣಕ್ಕೆ ವಿರೋಧಿಸಿದರು: ಬಿಳಿಯರ ಸಂವಿಧಾನದಲ್ಲಿ ಒಂದು ಮೂಲೆ ಬೇಡ, ನಮಗೆ ಒಪ್ಪಂದ ಬೇಕು ಎಂದರು.

ಹಿಂದೂ, ಸಿಖ್, ಬೌದ್ಧ ಸಂಸ್ಥೆಗಳ ಸಹಿಯ ಸ್ವರೂಪ ಬೇರೆ. ಚರ್ಚಿಗೆ ಸಿನಡ್ ಇದೆ, ಸದಸ್ಯರ ಪಟ್ಟಿ ಇದೆ, ನಿರ್ಣಯಕ್ಕೆ ಮತ ಹಾಕುವ ಕ್ರಮ ಇದೆ. ಹಿಂದೂಗಳಿಗೆ ಅಂಥದ್ದೇನಿದೆ? 2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದಲ್ಲಿ 6 ಲಕ್ಷ 84 ಸಾವಿರ ಹಿಂದೂಗಳು, 2 ಲಕ್ಷ 10 ಸಾವಿರ ಸಿಖ್ಖರು ಇದ್ದರು. ಇವರಲ್ಲಿ ಹೆಚ್ಚಿನವರು ಈಚಿನ ದಶಕಗಳಲ್ಲಿ ಹೋಗಿ ನೆಲೆಸಿದವರು; 1967 ಅವರ ಮನೆಯ ನೆನಪಲ್ಲ. ಭಾನುವಾರ ದೇವಸ್ಥಾನಕ್ಕೆ ಹೋಗಿ ಮಂಗಳಾರತಿ ತೆಗೆದುಕೊಂಡು ಬರುವವನಿಗೆ ತನ್ನ ಪರವಾಗಿ ಯಾವ ಕೌನ್ಸಿಲ್ ಯಾವ ಕಾಗದಕ್ಕೆ ಸಹಿ ಹಾಕಿದೆಯೆಂದು ತಿಳಿಯುವ ದಾರಿಯೇ ಇರುವುದಿಲ್ಲ.

2023ರ ಅಕ್ಟೋಬರ್ 14ರಂದು ಮತದಾನವಾಯಿತು. ಅಲ್ಲಿ ಸಂವಿಧಾನ ತಿದ್ದುವುದು ಕಷ್ಟ. ಇಡೀ ದೇಶದ ಬಹುಮತವೂ ಬೇಕು, ಆರರಲ್ಲಿ ನಾಲ್ಕು ರಾಜ್ಯಗಳ ಬಹುಮತವೂ ಬೇಕು. ಹಿಂದಿನ 44 ಪ್ರಸ್ತಾವಗಳಲ್ಲಿ ಗೆದ್ದದ್ದು ಎಂಟೇ. ಈ ಸಲ ಪಕ್ಷಗಳ ಒಮ್ಮತವೂ ಇರಲಿಲ್ಲ. ಆರೂ ರಾಜ್ಯಗಳು ಬೇಡವೆಂದವು. ರಾಜಧಾನಿ ಪ್ರದೇಶವೊಂದು ಮಾತ್ರ ಬೇಕೆಂದಿತು. ಸಿಡ್ನಿ, ಮೆಲ್ಬರ್ನ್ ನಗರಗಳ ಒಳಭಾಗದಲ್ಲಿ, ಧರ್ಮದ ಕಾಲಮಿನಲ್ಲಿ 'ಯಾವುದೂ ಇಲ್ಲ' ಎಂದು ಬರೆಸುವವರು ಹೆಚ್ಚಾಗಿರುವ ಕ್ಷೇತ್ರಗಳಲ್ಲಿ 'ಹೌದು' ಗೆದ್ದಿತು. ಮಸೀದಿ, ಮಂದಿರ, ಚರ್ಚುಗಳು ತುಂಬಿ ತುಳುಕುವ ಪಶ್ಚಿಮ ಸಿಡ್ನಿಯ ಕ್ಷೇತ್ರಗಳಲ್ಲಿ 'ಬೇಡ' ಗೆದ್ದಿತು. ಕ್ಷೇತ್ರದ ಲೆಕ್ಕದಿಂದ ಒಬ್ಬೊಬ್ಬ ಭಕ್ತನ ಮತವನ್ನು ಹೇಳಲಾಗದು, ನಿಜ. ಆದರೂ ವೇದಿಕೆಯ ಮೇಲಿನ ಒಂಬತ್ತು ಸಹಿಗಳು ಬೆಂಚಿನವರೆಗೆ ಇಳಿದಿರಲಿಲ್ಲ ಎಂಬುದಷ್ಟು ಸ್ಪಷ್ಟ. ದೇವರ ಹೆಸರಿನ ಅರ್ಜಿಗೆ 1898ರಲ್ಲಿ ಸಹಿ ಹಾಕಿದವರು ಬೆಂಚಿನ ಮೇಲೆ ಕೂತವರು. 2022ರ ಕಾಗದಕ್ಕೆ ಹಾಕಿದವರು ಪೀಠಾಧಿಪತಿಗಳು.

ಹಳೆಯ ಮಿಷನ್ನುಗಳಿದ್ದ ಊರುಗಳ ಮತಗಟ್ಟೆಗಳನ್ನು ನೋಡಿದರೆ ಚಿತ್ರ ಬೇರೆ. ಕ್ಯಾಥೊಲಿಕ್ ಮಿಷನ್ನಾಗಿ 1935ರಲ್ಲಿ ಶುರುವಾದ ವಾಡೇಯ್‌ನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ 'ಹೌದು' ಎಂದಿದ್ದರು. ಟೀವಿ ದ್ವೀಪಗಳಲ್ಲಿ ಎಂಬತ್ತಕ್ಕೂ ಹೆಚ್ಚು. ಫಲಿತಾಂಶದ ನಂತರ ಮೂಲನಿವಾಸಿ ನಾಯಕರು ಒಂದು ವಾರ ಮೌನ ಆಚರಿಸಿದರು.

ಆಮೇಲೆ ಕೆಲಸ ರಾಜ್ಯಗಳ ಮಟ್ಟಕ್ಕೆ ಸರಿಯಿತು. ದಕ್ಷಿಣ ಆಸ್ಟ್ರೇಲಿಯಾ 2023ರಲ್ಲೇ ತನ್ನದೇ ಕಾನೂನಿನಿಂದ ಇಂಥ ಮಂಡಳಿ ರಚಿಸಿಕೊಂಡಿತ್ತು. ವಿಕ್ಟೋರಿಯಾದ ಶಾಸನಸಭೆ 2025ರಲ್ಲಿ ಮೂಲನಿವಾಸಿಗಳೊಂದಿಗಿನ ಒಪ್ಪಂದದ ಮಸೂದೆಯನ್ನು ಅಂಗೀಕರಿಸಿತು. ಸಂವಿಧಾನದ ಪೀಠಿಕೆ ಮಾತ್ರ 1900ರಲ್ಲಿ ಇದ್ದಂತೆಯೇ ಇದೆ. ಕೂಪರ್ ಕೇಳಿದ್ದ ಭಾನುವಾರ 1955ರಲ್ಲಿ ಜುಲೈ ತಿಂಗಳಿಗೆ ಜರುಗಿ ಹೋಗಿತ್ತು. ಯುನೈಟಿಂಗ್ ಚರ್ಚ್ 2019ರಿಂದ ಅದನ್ನು ಅವರು ಹೇಳಿದ ಜಾಗಕ್ಕೇ ತಂದಿದೆ. ಜನವರಿ 26ರ ಹಿಂದಿನ ಭಾನುವಾರ ಅದರ ಸಭೆಗಳಲ್ಲಿ ಶೋಕದ ಆರಾಧನೆ ನಡೆಯುತ್ತದೆ.